ಬಹೂಪಯೋಗಿ ಉಡುಪಿನ ಹೊಸ ವ್ಯಾಮೋಹ

ಪಾಶ್ಚಾತ್ಯ ದೇಶಗಳ ವಸ್ತ್ರವಿನ್ಯಾಸಕಾರರು ಇತ್ತೀಚೆಗೆ ಒಂದು ತತ್ತ್ವವನ್ನು ಸಾರುತ್ತಿದ್ದಾರೆ. ಒಂದೇ ಉಡುಪು ಹಲವು ಬಗೆಯಲ್ಲಿ ಉಪಯೋಗಕ್ಕೆ ಬರಬೇಕು. ತೋಳನ್ನು ಕಳಚಿದರೆ ಬೇಸಗೆಗೆ, ಜೋಡಿಸಿದರೆ ಚಳಿಗೆ. ಪ್ಯಾಂಟಿನ ಕಾಲನ್ನು ಜಿಪ್ಪಿನಿಂದ ಬಿಡಿಸಿದರೆ ಅದೇ ಚಡ್ಡಿ. ಇದರಿಂದ ಪ್ರಕೃತಿಯ ಮೇಲಣ ಹೊರೆ ತಗ್ಗುವುದೆಂಬುದು ಅವರ ವಾದ. ಉದ್ದೇಶವೇನೋ ಸ್ತುತ್ಯವೇ. ಆದರೆ ವಾಚಕರೇ, ಇದನ್ನು ನೂತನ ಆವಿಷ್ಕಾರವೆಂದು ನಮ್ಮ ವಿದ್ಯಾವಂತರೂ ಕೊಂಡಾಡುವುದನ್ನು ಕಂಡಾಗ ಸುಮ್ಮನಿರಲಾಗದು.

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸಾಂಪ್ರದಾಯಿಕ ಸೀರೆಯನ್ನೇ ತೆಗೆದುಕೊಳ್ಳಿ. ಮೈಗೆ ಹತ್ತಿಯ ನೂಲು, ಸೆರಗಿಗೆ ರೇಷ್ಮೆ. ಎರಡರ ಹಾಸನ್ನೂ ನೇಕಾರನು ಕೊಂಡಿ ಕೊಂಡಿಯಾಗಿ ಕೂಡಿಸುತ್ತಾನೆ. ಅದಕ್ಕೆ ಗುಂಡಿಯಿಲ್ಲ, ಜಿಪ್ಪಿಲ್ಲ, ಇಂಥವರಿಗೆ ಇಷ್ಟೇ ಅಳತೆಯೆಂಬ ನಿರ್ಬಂಧವಿಲ್ಲ. ಹೊಲದ ಕೆಲಸಕ್ಕೆ ಕಚ್ಚೆ, ಬಿಸಿಲಿಗೆ ತಲೆಯ ಮೇಲಣ ಸೆರಗು, ಕಾಳು ಆಯುವಾಗ ಉಡಿ, ಬದುವಿನ ಮರಕ್ಕೆ ಕಟ್ಟಿದರೆ ಕೂಸಿನ ಜೋಲಿ. ಬಸುರಿಗೂ ಬಾಣಂತಿಗೂ ಅದೇ; ತಾಯಿಯದು ಮಗಳಿಗೂ ಆಗುತ್ತದೆ. ಹಳತಾದ ಮೇಲೆ ನಾಲ್ಕಾರು ಸೀರೆಗಳು ಪದರ ಪದರವಾಗಿ ಕೂಡಿ ಕೌದಿಯಾಗುತ್ತವೆ. ಆ ಕೌದಿಯೂ ಜೀರ್ಣವಾದರೆ ಒಲೆಯ ಮುಂದಿನ ಮಸಿಅರಿವೆ. ಇಷ್ಟೆಲ್ಲ ಸಾಧ್ಯವಾದುದು ಬಟ್ಟೆಗೆ ಕತ್ತರಿ ತಗಲದಿದ್ದುದರಿಂದ, ನೂಲು ಹತ್ತಿಯದಾದುದರಿಂದ. ಪೆಟ್ರೋಲಿಯಂನಿಂದ ಹುಟ್ಟುವ ಪಾಲಿಯೆಸ್ಟರಿಗೆ ಹತ್ತು ಜಿಪ್ಪು ಹಚ್ಚಿದರೂ ಅದು ಬೆವರು ಹೀರದು, ಮಣ್ಣಿನಲ್ಲಿ ಕರಗದು. ಒಗೆದಾಗಲೆಲ್ಲ ಸೂಕ್ಷ್ಮವಾದ ಎಳೆಗಳನ್ನು ಹಳ್ಳಕೊಳ್ಳಗಳಿಗೆ ಬಿಡುತ್ತದೆ.

ಹಾಗಾದರೆ ಸೈಕಲ್ ತುಳಿಯುವ ಹುಡುಗಿಯೂ ಸೀರೆಯನ್ನೇ ಉಡಬೇಕೇ ಎಂದು ಕೇಳುವವರುಂಟು. ಯಾರೂ ಹಾಗೆ ಹೇಳುತ್ತಿಲ್ಲ. ಹೆಣ್ಣುಮಕ್ಕಳ ಉಡುಪಿಗೆ ಕಾವಲು ಕೂರುವುದು ನಮ್ಮ ಕೆಲಸವೂ ಅಲ್ಲ. ಹೊಲಿದ ಬಟ್ಟೆಯಲ್ಲಿಯೂ ಈ ವಿವೇಕಕ್ಕೆ ಎಡೆಯುಂಟು. ಊರ ಸಿಂಪಿಗನು ಬೆಳೆಯುವ ಹುಡುಗಿಯ ಲಂಗಕ್ಕೆ ಎರಡು ಮೂರು ಮಡಿಕೆಗಳನ್ನು ಬಿಟ್ಟು ಹೊಲಿಯುತ್ತಿದ್ದನು, ವರ್ಷಕ್ಕೊಂದನ್ನು ಬಿಚ್ಚಿದರಾಯಿತು. ಇಂದಿನ ಅಗ್ಗದ ಸಿದ್ಧ ಉಡುಪಿನ ಹೊಲಿಗೆಯೊಳಗೆ ಬೆರಳಗಲ ಬಟ್ಟೆಯೂ ಉಳಿದಿರುವುದಿಲ್ಲ. ಆ ಅಗ್ಗದ ಬೆಲೆಯನ್ನು ತೆತ್ತವರು ಬೇರೆ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಸಾವರಿನಲ್ಲಿ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಮಡಿದರು. ಬಹುಪಾಲು ಜನ ಪಾಶ್ಚಾತ್ಯ ಅಂಗಡಿಗಳಿಗಾಗಿ ಉಡುಪು ಹೊಲಿಯುತ್ತಿದ್ದ ಬಡ ಕಾರ್ಮಿಕರು. ಕಟ್ಟಡ ಬಿರುಕು ಬಿಟ್ಟುದು ಹಿಂದಿನ ದಿನವೇ ಕಂಡಿದ್ದರೂ ಮರುದಿನ ಅವರನ್ನು ಒಳಗೆ ಕಳುಹಿಸಲಾಗಿತ್ತು.

ದೂರದವರನ್ನು ದೂರಿ ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಮಠಮಾನ್ಯಗಳ ಸಮಾರಂಭಗಳನ್ನೇ ನೋಡಿ. ಸನ್ಮಾನವೆಂದು ಹೊದಿಸುವ ಮಿರುಗುವ ಶಾಲು ಚಳಿಗೂ ಒದಗದು, ಮೈ ಒರೆಸಲೂ ಬಾರದು; ಒಬ್ಬರಿಂದೊಬ್ಬರಿಗೆ ದಾಟುತ್ತ ಕಡೆಗೆ ಟ್ರಂಕಿನ ತಳ ಸೇರುತ್ತದೆ. ವೇದಿಕೆಯ ಮೇಲೆ ಜೇಡರ ದಾಸಿಮಯ್ಯನನ್ನು ಸ್ಮರಿಸಿ, ಕೆಳಗಿಳಿದೊಡನೆ ಮಗ್ಗವನ್ನು ಮರೆಯುವುದು ಯಾವ ಸೀಮೆಯ ಭಕ್ತಿ? ಬರುವ ಜಾತ್ರೆಯಿಂದಲಾದರೂ ಕಾರ್ಯಕರ್ತರು ಕೈಮಗ್ಗದ ಪಂಚೆಯನ್ನೋ ಸೀರೆಯನ್ನೋ ನೇಕಾರನ ಮನೆಯಿಂದಲೇ, ಚೌಕಾಸಿ ಮಾಡದೆ, ಕೊಂಡು ತರಲಿ. ಇಳಕಲ್ಲಿನ ಹೆಸರಿನಲ್ಲಿ ವಿದ್ಯುನ್ಮಗ್ಗದ ಕೃತಕ ನೂಲಿನ ಸೀರೆಗಳೂ ಮಾರಾಟವಾಗುತ್ತಿವೆಯಾದ್ದರಿಂದ ಮಗ್ಗವನ್ನು ಕಣ್ಣಾರೆ ಕಂಡೇ ತರುವುದು ಮೇಲು. ಖರ್ಚು ಹೆಚ್ಚಾಗುವುದೆಂದರೆ ಸನ್ಮಾನಿತರ ಸಂಖ್ಯೆಯನ್ನು ಕಡಿಮೆ ಮಾಡಲಿ.