ಮುಟ್ಟಿಗೆ ಮುಂಚಿನ ವ್ಯಾಧಿ

2025ನೆಯ ಅಕ್ಟೋಬರ್ ತಿಂಗಳಲ್ಲಿ ನಮ್ಮ ರಾಜ್ಯದ ಮಂತ್ರಿಮಂಡಲವು ದುಡಿಯುವ ಸ್ತ್ರೀಯರಿಗೆ ತಿಂಗಳಿಗೊಂದು ದಿನ ಸಂಬಳಸಹಿತವಾದ ಋತುಕಾಲದ ರಜೆಯನ್ನು ಕೊಡುವ ನೀತಿಗೆ ಒಪ್ಪಿಗೆಯಿತ್ತಿತು. ಅದು ಉಚಿತವೇ ಸರಿ. ಆದರೆ ಕೆಲವು ಸ್ತ್ರೀಯರ ನಿಜವಾದ ಸಂಕಟವು ಮುಟ್ಟಿನ ದಿನದ್ದಲ್ಲ. ಅದಕ್ಕೆ ಮುಂಚಿನ ವಾರದ್ದು. ಇಂತಹ ವಿಷಯವನ್ನು ಪತ್ರಿಕೆಯಲ್ಲಿ ಎತ್ತುವುದೇ ಅಸಭ್ಯವೆಂದು ಕೆಲವು ವಾಚಕರು ಹುಬ್ಬು ಗಂಟಿಕ್ಕಬಹುದು. ವ್ಯಾಧಿಯನ್ನು ಮರ್ಯಾದೆಯ ಹೆಸರಿನಲ್ಲಿ ಮುಚ್ಚಿಡುವುದು ಯಾವ ಸಭ್ಯತೆಯೋ ನಾವರಿಯೆವು.

ಮುಟ್ಟಿಗೆ ಮುಂಚೆ ಮೈ ಭಾರವಾಗುವುದೂ ಮನಸ್ಸು ತುಸು ಕೆಡುವುದೂ ಬಹುಮಂದಿಗೆ ಉಂಟು, ಅದು ರೋಗವಲ್ಲ. ಆದರೆ ನೂರಕ್ಕೆ ಸುಮಾರು 2ರಿಂದ 6 ಮಂದಿಯಲ್ಲಿ ತೀವ್ರವಾದ ಖಿನ್ನತೆ, ಕೋಪ, ಕಳವಳಗಳು ತಲೆದೋರಿ ಸಂಸಾರವನ್ನೂ ಉದ್ಯೋಗವನ್ನೂ ಕದಡುವುವು. ಆತ್ಮಹತ್ಯೆಯ ಯೋಚನೆಯೂ ಸುಳಿಯುವುದುಂಟು. ನ್ಯೂಯಾರ್ಕಿನ ಸ್ತ್ರೀರೋಗ ವೈದ್ಯರಾದ ರಾಬರ್ಟ್ ಫ್ರಾಂಕ್ ಎಂಬವರು ಮುಟ್ಟಿಗೆ ಮುಂಚಿನ ಈ ಉದ್ವೇಗವನ್ನು 1931ರಲ್ಲಿಯೇ ವರ್ಣಿಸಿದರು. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಇದರ ತೀವ್ರರೂಪವನ್ನು ಪ್ರತ್ಯೇಕ ವ್ಯಾಧಿಯೆಂದು ತನ್ನ ಕೈಪಿಡಿಯಲ್ಲಿ ಅಂಗೀಕರಿಸಿತು. ನಮ್ಮ ಮನೆಗಳಲ್ಲಾದರೋ ಇದಕ್ಕೆ ಗಯ್ಯಾಳಿತನವೆಂದೇ ಹೆಸರು!

ರಕ್ತಪರೀಕ್ಷೆಯಲ್ಲಿ ಇದು ಸಿಕ್ಕುವುದಿಲ್ಲ. ಈ ಸ್ತ್ರೀಯರ ಹಾರ್ಮೋನುಗಳ ಪ್ರಮಾಣವು ಸಾಮಾನ್ಯವಾಗಿ ಇತರರಂತೆಯೇ ಇರುತ್ತದೆ. ಅವುಗಳ ಏರಿಳಿತಕ್ಕೆ ಮಿದುಳು ತೋರುವ ಪ್ರತಿಕ್ರಿಯೆ ಮಾತ್ರ ಬೇರೆ. ಆದುದರಿಂದ ವೈದ್ಯನಿಗೆ ಬೇಕಾದುದು ಒಂದು ದಿನಚರಿ. ಎರಡು ಋತುಚಕ್ರಗಳ ಕಾಲ ಲಕ್ಷಣಗಳನ್ನು ಆಯಾ ದಿನವೇ ಬರೆದಿಡಬೇಕು. ನೆನಪಿನಿಂದ ಹೇಳಿದುದು ಸಾಲದು, ನೆನಪು ಮೋಸಮಾಡುತ್ತದೆ. ಉಪದ್ರವವು ಮುಟ್ಟಿನ ಹಿಂದಿನ ವಾರದಲ್ಲಿ ಏರಿ, ಸ್ರಾವವು ಆರಂಭವಾದ ಕೆಲವು ದಿನಗಳಲ್ಲಿ ಇಳಿದು, ಅನಂತರದ ವಾರದಲ್ಲಿ ಇಲ್ಲವೆಂಬಷ್ಟು ಕಡಿಮೆಯಾದರೆ ಸಂಶಯವು ದೃಢವಾಗುವುದು. ತಿಂಗಳೆಲ್ಲ ಇದ್ದು ಆ ವಾರದಲ್ಲಿ ಉಲ್ಬಣಿಸುವುದಾದರೆ ಮೂಲವು ಬೇರೆಯಿರಬೇಕು. ನಿತ್ಯದ ಖಿನ್ನತೆಯನ್ನೋ ಥೈರಾಯ್ಡ್ ಗ್ರಂಥಿಯ ದೋಷವನ್ನೋ ರಕ್ತಹೀನತೆಯನ್ನೋ ಹುಡುಕಬೇಕು. ಈ ಭೇದವನ್ನು ನೋಡದೆ ಶಕ್ತಿವರ್ಧಕದ ಚೀಟಿ ಬರೆದು ಕಳುಹಿಸುವ ವೈದ್ಯರು ನಮ್ಮ ಪಟ್ಟಣಗಳಲ್ಲಿ ವಿರಳರಲ್ಲ. ಗುರುತಿಸಿದ ಮೇಲೆ ಚಿಕಿತ್ಸೆಯೇನೂ ದುರ್ಲಭವಲ್ಲ. ಖಿನ್ನತೆಗೆ ಕೊಡುವ ಕೆಲವು ಔಷಧಗಳನ್ನು ಮುಟ್ಟಿಗೆ ಮುಂಚಿನ ಎರಡು ವಾರ ಮಾತ್ರ ಸೇವಿಸಿದರೂ ಹಲವರಿಗೆ ಗುಣ ಕಾಣುವುದು.

ರಜೆಯ ಆಜ್ಞೆಗೆ ರುಜು ಹಾಕುವ ಅಧಿಕಾರಿಗಳು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಇಂತಹ ದಿನಚರಿಯ ಹಾಳೆಯೊಂದನ್ನು ಕನ್ನಡದಲ್ಲಿ ಮುದ್ರಿಸಿ ಹಂಚಲಿ. ಅದನ್ನು ತುಂಬುವ ಕ್ರಮವನ್ನು ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ತಿಳಿಸಲಿ. ಇದಕ್ಕೆ ತಗಲುವ ವೆಚ್ಚವು ಕಾಗದದ್ದು ಮಾತ್ರ.