ಮುಖ ಬದಲಾದರೂ ಧಾರಾವಾಹಿ ಬಿಡದ ವೀಕ್ಷಕ: ಈ ನಿಷ್ಠೆ ಎಲ್ಲಿಯವರೆಗೆ?

ಕೆ.ಜಿ.ಎಫ್.: ಮೆಚ್ಚಿನ ಪಾತ್ರಧಾರಿ ಧಾರಾವಾಹಿಯಿಂದ ನಿರ್ಗಮಿಸಿದಾಗ ವೀಕ್ಷಕರು ಏನು ಮಾಡುತ್ತಾರೆ? ಕೆಲವು ದಿನ ಬೈಯುತ್ತಾರೆ, ಬಳಿಕ ಒಗ್ಗಿಕೊಳ್ಳುತ್ತಾರೆ ಎಂಬುದು ಕಿರುತೆರೆ ಉದ್ಯಮದ ಹಳೆಯ ಲೆಕ್ಕಾಚಾರ. ಆದರೆ ಇತ್ತೀಚಿನ ಎರಡು ನಿದರ್ಶನಗಳು ಈ ಲೆಕ್ಕ ಅಷ್ಟು ಸರಳವಲ್ಲವೆಂದು ತೋರಿಸುತ್ತವೆ. ಒಂದು ಕನ್ನಡದ್ದು, ಇನ್ನೊಂದು ತಮಿಳಿನದು. ಕನ್ನಡ, ತಮಿಳು, ತೆಲುಗು ಮೂರೂ ಬೆರೆತಿರುವ ಚಿನ್ನದ ಗಣಿ ಪ್ರದೇಶ ಮತ್ತು ಬಂಗಾರಪೇಟೆಯ ಮನೆಗಳಿಗೆ ಎರಡೂ ಹೊರಗಿನವಲ್ಲ.

ಜೀ ಕನ್ನಡ ವಾಹಿನಿಯಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ‘ಜೊತೆ ಜೊತೆಯಲಿ’, ನಡುವಯಸ್ಸಿನ ಉದ್ಯಮಿ ಆರ್ಯವರ್ಧನ್ ಹಾಗೂ ಮಧ್ಯಮ ವರ್ಗದ ಯುವತಿ ಅನು ಸಿರಿಮನೆಯ ಪ್ರೇಮಕಥೆ. 2022ರ ಆಗಸ್ಟ್‌ನಲ್ಲಿ, ಭಿನ್ನಾಭಿಪ್ರಾಯಗಳ ನಡುವೆ, ಆರ್ಯವರ್ಧನ್ ಪಾತ್ರಧಾರಿ ಅನಿರುದ್ಧ ಧಾರಾವಾಹಿಯಿಂದ ಹೊರನಡೆಯಬೇಕಾಯಿತು. ಅಪಘಾತ, ಶಸ್ತ್ರಚಿಕಿತ್ಸೆಯ ತಿರುವುಗಳ ಮೂಲಕ ಹರೀಶ್ ರಾಜ್ ಕಥೆಯೊಳಗೆ ಬಂದರು. 2023ರ ಮೇ ತಿಂಗಳಲ್ಲಿ ಧಾರಾವಾಹಿ ಮುಕ್ತಾಯಗೊಂಡಿತು.

ಎರಡನೆಯದು ಸನ್ ಟಿ.ವಿ.ಯ ‘ಎದಿರ್ ನೀಚಲ್’. ಇದರಲ್ಲಿ ಆದಿ ಗುಣಶೇಖರನ್ ಎಂಬ ದರ್ಪದ ಯಜಮಾನನಾಗಿ ಅಭಿನಯಿಸುತ್ತಿದ್ದ ಜಿ. ಮಾರಿಮುತ್ತು 2023ರ ಸೆಪ್ಟೆಂಬರ್ 8ರಂದು ಹೃದಯಾಘಾತದಿಂದ ನಿಧನರಾದರು. ಆ ಪಾತ್ರಕ್ಕೆ ವೇಲ ರಾಮಮೂರ್ತಿ ಬಂದರು. 2024ರ ಜೂನ್‌ನಲ್ಲಿ ಮೊದಲ ಭಾಗ ಮುಗಿದರೂ, ಅದೇ ವರ್ಷದ ಡಿಸೆಂಬರ್‌ನಲ್ಲಿ ಕಥೆಯ ಮುಂದುವರಿಕೆ ಆರಂಭವಾಯಿತು.

ಎರಡೂ ಕಡೆ ಪ್ರಮುಖ ಮುಖ ಮರೆಯಾದ ಸುಮಾರು ಒಂಬತ್ತು ತಿಂಗಳಿಗೆ ತೆರೆ ಬಿದ್ದಿದೆ. ನಿರ್ಗಮನವೊಂದೇ ಇದಕ್ಕೆ ಕಾರಣವೆನ್ನಲಾಗದು. ಆದರೆ ಒಂದು ಕಥೆ ಅಲ್ಲಿಗೇ ನಿಂತಿತು, ಇನ್ನೊಂದು ಮರಳಿ ಬಂದಿತು. ಈ ವ್ಯತ್ಯಾಸ ಗಮನಾರ್ಹ.

ನಿಷ್ಠೆ ಯಾರಿಗೆ?

‘ಜೊತೆ ಜೊತೆಯಲಿ’ಯಲ್ಲಿ ಆ ಜೋಡಿಯೇ ಕಥೆ. ಅರ್ಧ ಹೋದ ಮೇಲೆ ಉಳಿದದ್ದು ಹೆಸರಷ್ಟೇ. ‘ಎದಿರ್ ನೀಚಲ್’ನಲ್ಲಿ ಗುಣಶೇಖರನ್ ಎಷ್ಟೇ ಜನಪ್ರಿಯನಾದರೂ ಕಥೆ ಅವನದಲ್ಲ, ಅವನ ಮನೆಯಲ್ಲಿ ಉಸಿರುಗಟ್ಟಿದ ಸೊಸೆಯಂದಿರದು. ಅವರು ಆ ಮನೆಯ ಹೊಸಿಲು ದಾಟುವರೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ವೀಕ್ಷಕರ ನಿಷ್ಠೆ ಇರುವುದು ಇಂತಹ ಉತ್ತರ ಸಿಗದ ಪ್ರಶ್ನೆಗೆ. ‘ಲಕ್ಷ್ಮೀ ಬಾರಮ್ಮ’ದಲ್ಲಿ ಲಕ್ಷ್ಮೀ ಪಾತ್ರದಿಂದ ಕವಿತಾ ಗೌಡ ಹೊರಬಂದು ರಶ್ಮಿ ಪ್ರಭಾಕರ್ ಬಂದ ನಂತರವೂ ಧಾರಾವಾಹಿ 2020ರವರೆಗೆ ನಡೆದದ್ದನ್ನು ಇಲ್ಲಿ ನೆನೆಯಬಹುದು. ಅಲ್ಲಿ ಗೊಂಬೆಯ ಪಾತ್ರಕ್ಕೂ ಸಮನಾದ ತೂಕವಿತ್ತು.

ನಿರ್ಗಮನದ ಬಗೆಯೂ ಮುಖ್ಯ. ಸಾವು ಸಂಭವಿಸಿದಾಗ ವೀಕ್ಷಕರು ದುಃಖಿಸಿ, ಬಂದವರಿಗೆ ಜಾಗ ಬಿಡುತ್ತಾರೆ. ಜಗಳ ಬೀದಿಗೆ ಬಂದಾಗ ಮಾತ್ರ, ತೆರೆಯ ಹಿಂದಿನ ನಿಜ ತಿಳಿದೂ ತೆರೆಯ ಮೇಲಿನ ಶಸ್ತ್ರಚಿಕಿತ್ಸೆಯನ್ನು ನಂಬಬೇಕಾದ ಮುಜುಗರ ಅವರದಾಗುತ್ತದೆ.

ಗಣಿ ಊರಿನ ರಾತ್ರಿ

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಬಳಿಕ ಇಲ್ಲಿನ ದುಡಿಯುವ ಜನರಲ್ಲಿ ಬಹಳಷ್ಟು ಮಂದಿಗೆ ಬೆಂಗಳೂರೇ ಅನ್ನದ ದಾರಿ. ಮಾರಿಕುಪ್ಪಂನಿಂದ ಬಂಗಾರಪೇಟೆ ಮಾರ್ಗವಾಗಿ ನಸುಕಿನ ರೈಲು ಹಿಡಿದವರು ಮನೆ ಸೇರುವುದು ಕತ್ತಲಾದ ಮೇಲೆ. ಕಾಯುವ ಮನೆಗಳಲ್ಲಿ ಧಾರಾವಾಹಿ ಕೇವಲ ಮನರಂಜನೆಯಲ್ಲ. ಅಡುಗೆ, ಊಟ, ಬರುವವರ ನಿರೀಕ್ಷೆ ಎಲ್ಲವೂ ಅದರ ವೇಳೆಗೆ ಹೊಂದಿಕೊಂಡಿರುತ್ತವೆ. ಇಂತಹ ರೂಢಿ ಒಬ್ಬ ನಟ ಹೋದನೆಂದು ಒಂದೇ ದಿನದಲ್ಲಿ ಮುರಿಯದು.

ಆದರೆ ಈ ರೂಢಿಯನ್ನು ಒಪ್ಪಿಗೆಯೆಂದು ಭಾವಿಸುವುದು ಅಪಾಯಕಾರಿ. ಬಾರ್ಕ್ ಸಂಸ್ಥೆಯ ಮಾಪಕಗಳಿರುವುದು ಮಾದರಿಗಾಗಿ ಆಯ್ದ ಮನೆಗಳಲ್ಲಿ ಮಾತ್ರ. ಅಲ್ಲಿಯೂ ದಾಖಲಾಗುವುದು ಯಾವ ವಾಹಿನಿಯನ್ನು ಎಷ್ಟು ಹೊತ್ತು ನೋಡಲಾಯಿತು ಎಂಬುದು. ಪ್ರೀತಿಯಿಂದಲೋ, ಬೇಸರದಿಂದಲೋ ಎಂಬುದಲ್ಲ. ಮಾಪಕವಿಲ್ಲದ ಮನೆಯ ವೀಕ್ಷಕಿ ಬೇಸತ್ತು ವಾಹಿನಿ ಬದಲಿಸಿದರೆ ಅದು ಯಾವ ಲೆಕ್ಕಕ್ಕೂ ಬಾರದು.

ಗಡಿಭಾಗದಲ್ಲಿ ಈ ನಷ್ಟ ಇನ್ನೂ ದೊಡ್ಡದು. ಮೈಸೂರಿನ ವೀಕ್ಷಕಿ ಮುನಿಸಿಕೊಂಡರೆ ಒಂದು ಕನ್ನಡ ವಾಹಿನಿಯಿಂದ ಇನ್ನೊಂದಕ್ಕೆ ಹೋದಾಳು. ರಾಬರ್ಟ್‌ಸನ್‌ಪೇಟೆಯ ವೀಕ್ಷಕಿ ರಿಮೋಟಿನ ಒಂದೇ ಗುಂಡಿಯಲ್ಲಿ ಭಾಷೆಯನ್ನೇ ದಾಟಬಲ್ಲಳು. ತಮಿಳು ಮನೆಮಾತಿನ ಕುಟುಂಬದಲ್ಲಿ ದಿನಕ್ಕೆ ಅರ್ಧ ಗಂಟೆ ಕನ್ನಡದ ಮಾತು ಕೇಳಿಸುವ ಧಾರಾವಾಹಿಯೊಂದು ನಂಬಿಕೆ ಕಳೆದುಕೊಂಡರೆ, ಹೋಗುವುದು ಒಂದು ಕಥೆ ಮಾತ್ರವಲ್ಲ.

ಪಾತ್ರಧಾರಿಗಳ ಬದಲಾವಣೆ ವರ್ಷಗಟ್ಟಲೆ ನಡೆಯುವ ಧಾರಾವಾಹಿಗಳಿಗೆ ಅನಿವಾರ್ಯ. ವೀಕ್ಷಕರು ಅದನ್ನು ಬಲ್ಲರು. ಅವರು ಬಯಸುವುದು ಹೋದವರಿಗೆ ಒಂದು ಗೌರವದ ವಿದಾಯ, ಉಳಿದವರಿಗೆ ಹೇಳಲು ಒಂದು ಕಥೆ. ಇವೆರಡೂ ಇಲ್ಲದಿದ್ದಾಗ ಅವರು ಕೂತು ನೋಡುತ್ತಿರುವುದು ಅಭಿಮಾನದಿಂದಲ್ಲ, ಅಭ್ಯಾಸಬಲದಿಂದ. ಅಭ್ಯಾಸ ತಪ್ಪಲು ಹೆಚ್ಚು ದಿನ ಬೇಕಿಲ್ಲ.