ದಾಖಲೆ ಇಲ್ಲದವರ ನೆಲ

ಸೇಡಂ ತಾಲ್ಲೂಕಿನ ಮಳಖೇಡದಲ್ಲಿ 2023ರ ಜನವರಿ 19ರಂದು ಪ್ರಧಾನಮಂತ್ರಿಯವರ ಸಮ್ಮುಖದಲ್ಲಿ ಐದು ಜಿಲ್ಲೆಗಳ ಐವತ್ತು ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ವಿತರಣೆ ಆರಂಭವಾಯಿತು. ತಲೆಮಾರುಗಳಿಂದ ಗಾಯರಾಣದಲ್ಲೋ ಪರರ ಹೊಲದಲ್ಲೋ ಮನೆ ಕಟ್ಟಿಕೊಂಡಿದ್ದ ಲಂಬಾಣಿಗರಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಆ ಪತ್ರ ಮನೆಯಡಿಯ ನೆಲಕ್ಕೆ ಮಾತ್ರ, ಉಳುವ ಭೂಮಿಗಲ್ಲ. ಅರಣ್ಯವೆಂದು ದಾಖಲಾದ ಜಾಗದ ತಾಂಡಾಕ್ಕಂತೂ ಕಂದಾಯ ಕಾಯ್ದೆಯ ಈ ಬಾಗಿಲು ತೆರೆಯುವುದಿಲ್ಲ.

ವಾಡಿ, ಶಹಾಬಾದ, ಚಿತ್ತಾಪುರಗಳ ಸುತ್ತ ಸುಣ್ಣಕಲ್ಲಿಗಾಗಿ ಹೊಲಗಳು ಕೈಬದಲಾದಾಗ ಪಹಣಿಯಲ್ಲಿ ಹೆಸರಿದ್ದವನಿಗೆ ಬೆಲೆಯಾದರೂ ದಕ್ಕಿತು. ಅದೇ ಹೊಲದಲ್ಲಿ ತೊಗರಿ ಕೊಯ್ದವನಿಗೆ ಅದೂ ಇಲ್ಲ. ಚಿಂಚೋಳಿಯ ಗುಡ್ಡಗಳಲ್ಲಿ ಪಹಣಿಯೇ ಇಲ್ಲದವರ ಪ್ರಶ್ನೆ ಇನ್ನೂ ಕಠಿಣ. ಅಲ್ಲಿ 2011ರಲ್ಲಿ 134.88 ಚದರ ಕಿಲೋಮೀಟರು ಕಾಡು ವನ್ಯಜೀವಿಧಾಮವಾಯಿತು. ಬಯಲುಸೀಮೆಯ ನಡುವೆ ಉಳಿದ ಈ ಕಾಡಿಗೆ ರಕ್ಷಣೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅದರೊಳಗಿನ ತಾಂಡಾಗಳನ್ನು ಯಾವ ನ್ಯಾಯದಿಂದ ಅಳೆಯಲಾಗುತ್ತಿದೆ ಎಂಬುದೇ ಇಲ್ಲಿನ ಪ್ರಶ್ನೆ.

2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿ ನೆಲೆಸಿ ಕಾಡನ್ನು ಅವಲಂಬಿಸಿದ್ದುದನ್ನು ತೋರಿಸಿದರೆ ಸಾಕು. ಇತರರು ಆ ದಿನಕ್ಕೆ ಹಿಂದಿನ 75 ವರ್ಷಗಳ ವಾಸವನ್ನು ಸಾಬೀತುಪಡಿಸಬೇಕು. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ. ಚಿಂಚೋಳಿಯ ಪೂರ್ವದ ಗಡಿ ದಾಟಿ ತೆಲಂಗಾಣಕ್ಕೆ ಹೋದರೆ, 1976ರ ತಿದ್ದುಪಡಿಯಿಂದಾಗಿ, ಅದೇ ಜನ ಪರಿಶಿಷ್ಟ ಪಂಗಡ. ಬೀಗರ ಮನೆಗೆ ಒಂದು ಕಾನೂನು, ಇವರಿಗೆ ಇನ್ನೊಂದು. ಇವರು ತೋರಿಸಬೇಕಾದುದು 1930ರ ಕಾಗದ. ಆಗ ಇದು ನಿಜಾಮನ ಸೀಮೆ, ದಫ್ತರದ ಭಾಷೆ ಉರ್ದು. ದನ ಮೇಯಿಸುವ ಲಂಬಾಣಿಗೆ ಯಾವ ತಹಸೀಲ್ದಾರ ರಸೀದಿ ಬರೆದುಕೊಟ್ಟಾನು?

ಪ್ಯಾಲೆಸ್ಟೀನಿನ ಪಶ್ಚಿಮ ದಂಡೆಯಲ್ಲಿ ಇಸ್ರೇಲಿನ ಸೇನಾ ಆಡಳಿತ 1968ರಲ್ಲಿ ಭೂ ನೋಂದಣಿಯನ್ನೇ ನಿಲ್ಲಿಸಿತು. ಮುಂದೆ, 1858ರ ಒಟ್ಟೊಮನ್ ಭೂಸಂಹಿತೆಯ ಆಧಾರದಲ್ಲಿ, ನೋಂದಣಿಯಾಗದ ಮತ್ತು ಸಾಗುವಳಿ ಕಾಣದ ವಿಶಾಲ ಭೂಮಿಯನ್ನು ಸರ್ಕಾರಿ ಜಮೀನೆಂದು ಘೋಷಿಸಿ, ಅದರಲ್ಲಿ ಬಹಳಷ್ಟನ್ನು ಯಹೂದಿ ವಸಾಹತುಗಳಿಗೆ ನೀಡಲಾಯಿತು. ಚಿಂಚೋಳಿಯಲ್ಲಿ ಸೇನಾ ಆಡಳಿತವಿಲ್ಲ, ಮತವಿದೆ, ನ್ಯಾಯಾಲಯವಿದೆ. ಹೋಲಿಕೆಯನ್ನು ಬಹುದೂರ ಎಳೆಯಲಾಗದು. ಆದರೆ ದಾಖಲೆ ಬರೆಯದ ಆಡಳಿತವೇ ದಾಖಲೆ ಇಲ್ಲವೆಂಬುದನ್ನು ಜನರ ಮೇಲೆ ಹೊರಿಸುವ ರೀತಿ ಅಪರಿಚಿತವೇನಲ್ಲ.

ಕಾಯ್ದೆಯಲ್ಲಿ ದಾರಿಯೂ ಇದೆ. ಹಕ್ಕಿನ ಪರಿಶೀಲನೆ ಮುಗಿಯುವ ತನಕ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ. ಹಳೆಯ ಬಾವಿ, ಗೋರಿ, ಮನೆಯ ಅಡಿಪಾಯ, ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆ, ಇವೆಲ್ಲ ನಿಯಮಗಳ ಪ್ರಕಾರವೇ ಸಾಕ್ಷ್ಯ. ಇಂಥದೇ ಕಾಗದ ಬೇಕೆಂದು ಅಧಿಕಾರಿಗಳು ಹಟ ಹಿಡಿಯುವಂತಿಲ್ಲವೆಂದು 2012ರ ತಿದ್ದುಪಡಿ ಹೇಳುತ್ತದೆ. ಬರೆಯಬಲ್ಲ ವಿದ್ಯಾರ್ಥಿಗಳು ಈಗ ಪ್ರತಿ ತಾಂಡಾದಲ್ಲೂ ಇದ್ದಾರೆ. ಗ್ರಾಮಸಭೆ ಕರೆದು ಆ ಹೇಳಿಕೆಗಳನ್ನು ಈ ಬೇಸಿಗೆಯೊಳಗೆ ಬರೆಸಿಕೊಳ್ಳಬೇಕು. 1930ರಲ್ಲಿ ಹುಟ್ಟಿದ ಕೂಸಿಗೂ ಈಗ ತೊಂಬತ್ತೈದರ ಸುಮಾರು ವಯಸ್ಸು.